ವಂಶವೃಕ್ಷ ಓದದೆ ವಂಶವಾಹಿ ಓದಲಾದೀತೆ?

‘ರಕ್ತದ ಒಂದು ಹನಿಯಿಂದ ಅಂಡಾಶಯದ ಕ್ಯಾನ್ಸರ್ ಪತ್ತೆ’ ಎಂಬ ಅರ್ಥದ ಸುದ್ದಿಯನ್ನು ನಾವೆಲ್ಲ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಓದುತ್ತಲೇ ಬಂದಿದ್ದೇವೆ. ಪ್ರತಿ ಬಾರಿಯೂ ಒಂದು ಹೊಸ ಸೂಚಕ, ಹೊಸ ಯಂತ್ರ, ಹೊಸ ವಿಶ್ವವಿದ್ಯಾಲಯದ ಹೆಸರು. ಪ್ರತಿ ಬಾರಿಯೂ ‘ಇನ್ನು ಕೆಲವೇ ವರ್ಷಗಳಲ್ಲಿ’ ಎಂಬ ಭರವಸೆ. ಆದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಹೆಣ್ಣುಮಕ್ಕಳು ಈ ಕಾಯಿಲೆಯನ್ನು ಹೊತ್ತು ದೊಡ್ಡ ಆಸ್ಪತ್ರೆಯ ಮೆಟ್ಟಿಲೇರುವ ಹಂತ ಮಾತ್ರ ಬದಲಾಗಿಲ್ಲ. ಬಹುತೇಕರು ಬರುವುದು ರೋಗ ಹೊಟ್ಟೆಯೆಲ್ಲ ಹರಡಿದ ಮೇಲೆಯೇ. ಈ ಭರವಸೆಗೂ ಆ ವಾಸ್ತವಕ್ಕೂ ನಡುವಿನ ಅಂತರ ಏಕೆ ಇಷ್ಟು ದೊಡ್ಡದು? ವಂಶವಾಹಿ ಸೂಚಕಗಳ ಸಂಶೋಧನೆ ನಿಜವಾಗಿ ನಮಗೆ ಕೊಟ್ಟಿರುವುದೇನು, ಕೊಡದಿರುವುದೇನು? ಜನವಾಡದಂತಹ ಒಂದು ಹೋಬಳಿ ಕೇಂದ್ರದಲ್ಲಿ ನಿಂತು ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಗತ್ಯವೆಂದು ನನಗೆ ಅನ್ನಿಸುತ್ತದೆ.

ಕಾಯಿಲೆಯ ಗಾತ್ರವನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದೇ ವರ್ಷ ಮೂರು ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರ್ ಕಾಣಿಸಿಕೊಂಡಿತು; ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅದರಿಂದ ಮೃತಪಟ್ಟರು. ಭಾರತದಲ್ಲಿ ಹೊಸ ಪ್ರಕರಣಗಳು ಸುಮಾರು 47 ಸಾವಿರ, ಸಾವುಗಳು ಸುಮಾರು 33 ಸಾವಿರ. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಹೋಲಿಸಿದರೆ ಸಂಖ್ಯೆ ಕಡಿಮೆ. ಆದರೆ ಬಂದವರಲ್ಲಿ ಸಾಯುವವರ ಪ್ರಮಾಣ ಗಾಬರಿ ಹುಟ್ಟಿಸುವಂಥದ್ದು. ಮೊದಲ ಹಂತದಲ್ಲಿಯೇ ಪತ್ತೆಯಾದರೆ ಐದು ವರ್ಷ ಬದುಕುಳಿಯುವವರು ನೂರಕ್ಕೆ ತೊಂಬತ್ತು. ಹರಡಿದ ಮೇಲೆ ಪತ್ತೆಯಾದರೆ ನೂರಕ್ಕೆ ಮೂವತ್ತರ ಆಸುಪಾಸು. ಇಡೀ ಸಂಶೋಧನಾ ಲೋಕ ‘ಮುಂಚಿತ ಪತ್ತೆ’ಯ ಬೆನ್ನು ಹತ್ತಿರುವುದು ಈ ಒಂದು ವ್ಯತ್ಯಾಸಕ್ಕಾಗಿ.

ಹೊಟ್ಟೆಯೊಳಗಿನ ಮೌನ

ಬಾದಾಮಿ ಗಾತ್ರದ ಎರಡು ಅಂಗಗಳು ಕಿಬ್ಬೊಟ್ಟೆಯ ಆಳದಲ್ಲಿ ಅಡಗಿ ಕುಳಿತಿವೆ. ಅಲ್ಲಿ ಗಂಟು ಬೆಳೆದರೆ ಹೊರಗಿನಿಂದ ಕೈಗೆ ಸಿಗದು, ನೋವೂ ಇರದು. ಕಾಣಿಸಿಕೊಳ್ಳುವ ಲಕ್ಷಣಗಳಾದರೂ ಎಂಥವು? ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಸೊಂಟದ ಸುತ್ತ ಭಾರ. ‘ಹೊಟ್ಟಿ ಉಬ್ಬ್ಯಾದ್ರಿ, ಎರಡು ತುತ್ತು ಉಂಡ್ರ ಸಾಕಾಗ್ತದ್ರಿ’ ಎಂದು ನಮ್ಮ ಕಡೆಯ ತಾಯಂದಿರು ಹೇಳುವ ಮಾತನ್ನು ವೈದ್ಯ ವೃತ್ತಿಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳುವ ನೂರು ಮಂದಿಯಲ್ಲಿ ಬಹುತೇಕ ಎಲ್ಲರಿಗೂ ಇರುವುದು ಗ್ಯಾಸ್, ಅಜೀರ್ಣ ಅಥವಾ ಮುಟ್ಟು ನಿಲ್ಲುವ ಕಾಲದ ತೊಂದರೆ. ಆದ್ದರಿಂದಲೇ ಉಳಿದ ಒಬ್ಬಳು ಕೂಡ ಗ್ಯಾಸಿನ ಗುಳಿಗೆ ನುಂಗುತ್ತ ನಾಲ್ಕಾರು ತಿಂಗಳು ಕಳೆದುಬಿಡುತ್ತಾಳೆ. ತೊಗರಿ, ಸೋಯಾ ರಾಶಿಯ ಕಾಲವಾದರೆ ಇನ್ನೆರಡು ತಿಂಗಳು. ಒಳಲಂಗದ ಲಾಡಿ ಗಿಡ್ಡವಾಯಿತೆಂದು ಆಕೆಗೆ ಅನ್ನಿಸುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ.

ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಲಂಡನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಕ್ಯಾನ್ಸರ್ ಬಹುಪಾಲು ತಡವಾಗಿಯೇ ಪತ್ತೆಯಾಗುತ್ತದೆ. ಹಳ್ಳಿಯ ಬಡತನ ಆ ತಡಕ್ಕೆ ಮತ್ತಷ್ಟು ತಿಂಗಳು ಸೇರಿಸುತ್ತದೆ, ಅಷ್ಟೆ. ರೋಗದ ಸ್ವಭಾವವೇ ಮೌನದ್ದು. ಆದ್ದರಿಂದಲೇ ಲಕ್ಷಣಕ್ಕೆ ಕಾಯದೆ ರಕ್ತದಲ್ಲೋ ವಂಶವಾಹಿಯಲ್ಲೋ ಸುಳಿವು ಹಿಡಿಯುವ ಆಸೆ ಹುಟ್ಟಿದ್ದು.

ನೆರೆಯ ಜಿಲ್ಲೆ ಕಲಿಸಿದ ಪಾಠ

ಇಂಥ ಆಸೆ ವ್ಯರ್ಥವಲ್ಲ ಎಂಬುದಕ್ಕೆ ಸಾಕ್ಷಿ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಬಸವಕಲ್ಯಾಣ ದಾಟಿದರೆ ಸಿಗುವ ಉಸ್ಮಾನಾಬಾದ್ ಜಿಲ್ಲೆಗೆ (ಈಗಿನ ಧಾರಾಶಿವ) ಹೋದರೆ ಸಾಕು. ಅಲ್ಲಿ 1999ರಲ್ಲಿ ಆರಂಭವಾದ ಒಂದು ಬೃಹತ್ ಅಧ್ಯಯನದಲ್ಲಿ 30ರಿಂದ 59 ವರ್ಷದ 1,31,746 ಗ್ರಾಮೀಣ ಮಹಿಳೆಯರು ಸೇರಿದ್ದರು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಹಾಗೂ ಫ್ರಾನ್ಸಿನ ಲಿಯೋನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಜೊತೆಗೂಡಿ ನಡೆಸಿದ, ಆರ್. ಶಂಕರನಾರಾಯಣನ್ ಅವರ ನೇತೃತ್ವದ ಈ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಗರ್ಭಕಂಠದಿಂದ ತೆಗೆದ ಮಾದರಿಯಲ್ಲಿ ಎಚ್‌ಪಿವಿ ವೈರಾಣುವಿನ ಡಿಎನ್‌ಎ ಇದೆಯೇ ಎಂದು ಜೀವಮಾನದಲ್ಲಿ ಒಂದೇ ಒಂದು ಬಾರಿ ನೋಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ, ಎಂಟು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34. ಯಾವ ತಪಾಸಣೆಗೂ ಒಳಪಡದ ಗುಂಪಿನಲ್ಲಿ ಸತ್ತವರು 64. ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ನಮ್ಮ ಜನವಾಡದ ಹೆಣ್ಣುಮಕ್ಕಳಂತೆಯೇ ಜೋಳದ ರೊಟ್ಟಿ ಬಡಿಯುವ, ಹೊಲದಲ್ಲಿ ಕಳೆ ತೆಗೆಯುವ ಮಹಿಳೆಯರ ನಡುವೆ ಒಂದು ಡಿಎನ್‌ಎ ಪರೀಕ್ಷೆ ಇಷ್ಟು ದೊಡ್ಡ ಬದಲಾವಣೆ ತಂದಿತು. ಹಾಗಾದರೆ ಅಂಡಾಶಯಕ್ಕೂ ಇದೇ ಮಾದರಿ ಏಕಾಗದು?

ಕಾರಣ ಸರಳ. ಗರ್ಭಕಂಠದ ಕ್ಯಾನ್ಸರಿಗೆ ಮೂಲವಾದ ವೈರಾಣು ಯಾವುದೆಂದು ನಮಗೆ ಗೊತ್ತು. ಆ ಅಂಗವನ್ನು ನೇರವಾಗಿ ನೋಡಬಹುದು, ಮಾದರಿ ತೆಗೆಯಬಹುದು. ಸೋಂಕು ಕ್ಯಾನ್ಸರ್ ಆಗಲು ಹತ್ತು, ಹದಿನೈದು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ತಡೆಯಲು ಸಾಕಷ್ಟು ಸಮಯವಿರುತ್ತದೆ. ಅಂಡಾಶಯದ ವಿಷಯದಲ್ಲಿ ಈ ಮೂರೂ ಅನುಕೂಲಗಳಿಲ್ಲ. ಅಷ್ಟೇ ಅಲ್ಲ, ಅತಿ ಹೆಚ್ಚು ಪ್ರಾಣ ತೆಗೆಯುವ ‘ಸೀರಸ್’ ಬಗೆಯ ಕ್ಯಾನ್ಸರ್ ಹುಟ್ಟುವುದು ಅನೇಕ ಬಾರಿ ಅಂಡಾಶಯದಲ್ಲೇ ಅಲ್ಲ, ಅದರ ಪಕ್ಕದ ಅಂಡನಾಳದ ತುದಿಯಲ್ಲಿ ಎಂಬುದು 2001ರ ನಂತರವಷ್ಟೇ ಕ್ರಮೇಣ ಸ್ಪಷ್ಟವಾಯಿತು. ದಶಕಗಳ ಕಾಲ ವಿಜ್ಞಾನ ಕಳ್ಳನನ್ನು ಪಕ್ಕದ ಮನೆಯಲ್ಲಿ ಹುಡುಕುತ್ತಿತ್ತು ಎಂದರೂ ತಪ್ಪಾಗದು.

ನೂರಕ್ಕೆ ನೂರರ ಮೋಹ

ಅಂಡಾಶಯದ ಕ್ಯಾನ್ಸರಿನ ಮೊದಲ ಹೆಸರಾಂತ ರಕ್ತ ಸೂಚಕ ಸಿಎ-125. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿದರು. ಚಿಕಿತ್ಸೆ ಪಡೆಯುತ್ತಿರುವ ರೋಗಿಯ ಪ್ರಗತಿ ಅಳೆಯಲು ಇದು ಇಂದಿಗೂ ಉಪಯುಕ್ತ. ಆದರೆ ಆರೋಗ್ಯವಂತರಲ್ಲಿ ರೋಗ ಹುಡುಕಲು ಇದನ್ನು ಬಳಸಹೊರಟರೆ ತೊಡಕು ಶುರು. ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ, ನಮ್ಮಲ್ಲಿ ಇಂದಿಗೂ ಸಾಮಾನ್ಯವಾದ ಹೊಟ್ಟೆಯ ಕ್ಷಯದಲ್ಲಿ ಕೂಡ ಇದರ ಪ್ರಮಾಣ ಏರುತ್ತದೆ. ಇತ್ತ ಮೊದಲ ಹಂತದ ಕ್ಯಾನ್ಸರ್ ಇರುವವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ಏರಿರುವುದೇ ಇಲ್ಲ.

2002ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ವರದಿ ಜಗತ್ತನ್ನೇ ಬೆರಗುಗೊಳಿಸಿತು. ಅಮೆರಿಕದ ಸರ್ಕಾರಿ ಸಂಸ್ಥೆಗಳ ವಿಜ್ಞಾನಿಗಳಾದ ಪೆಟ್ರಿಕಾಯ್ನ್ ಮತ್ತು ಲಿಯೋಟಾ ರಕ್ತದಲ್ಲಿನ ಪ್ರೋಟೀನುಗಳ ವಿನ್ಯಾಸವನ್ನು ಕಂಪ್ಯೂಟರಿಗೆ ಓದಿಸಿ, ಐವತ್ತು ಕ್ಯಾನ್ಸರ್ ಮಾದರಿಗಳಲ್ಲಿ ಐವತ್ತನ್ನೂ ಗುರುತಿಸಿದ್ದರು. ನೂರಕ್ಕೆ ನೂರು! ಖಾಸಗಿ ಕಂಪನಿಯೊಂದು ಪರೀಕ್ಷೆಯನ್ನು ಮಾರುಕಟ್ಟೆಗೆ ತರಲು ಸಿದ್ಧವಾಯಿತು. ಆದರೆ ಟೆಕ್ಸಾಸ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತಿತರ ಸಂಖ್ಯಾಶಾಸ್ತ್ರಜ್ಞರು ಆ ದತ್ತಾಂಶವನ್ನೇ ಮತ್ತೆ ಜಾಲಾಡಿದಾಗ, ಯಂತ್ರ ಹಿಡಿದಿದ್ದು ರೋಗದ ಗುರುತನ್ನಲ್ಲ, ಮಾದರಿಗಳನ್ನು ಸಂಸ್ಕರಿಸಿ ಅಳೆದ ರೀತಿಯಲ್ಲಿನ ವ್ಯತ್ಯಾಸವನ್ನು ಆಗಿರಬಹುದೆಂದು ತೋರಿಬಂತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಧ್ಯಪ್ರವೇಶಿಸಿತು. ಪರೀಕ್ಷೆ ಮಾರುಕಟ್ಟೆಗೆ ಬರಲಿಲ್ಲ.

ನಂತರದ ಪಾಠಗಳು ಇನ್ನೂ ಕಹಿ. ಅಮೆರಿಕದಲ್ಲಿ 78 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಬಂತು. ಸಿಎ-125 ಮತ್ತು ಅಲ್ಟ್ರಾಸೌಂಡ್ ತಪಾಸಣೆಯಿಂದ ಒಂದು ಸಾವೂ ಕಡಿಮೆಯಾಗಲಿಲ್ಲ. ಆದರೆ 3,285 ಮಹಿಳೆಯರಿಗೆ ಇಲ್ಲದ ರೋಗದ ಶಂಕೆ ಮೂಡಿತು. ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಹಾಗೆ ಒಳಗಾದವರಲ್ಲಿ 163 ಮಂದಿಗೆ ಗಂಭೀರ ತೊಂದರೆಗಳಾದವು. ಬ್ರಿಟನ್ನಿನಲ್ಲಿ ಇಯಾನ್ ಜೇಕಬ್ಸ್ ಮತ್ತು ಉಷಾ ಮೆನನ್ ಅವರ ನೇತೃತ್ವದಲ್ಲಿ 2001ರಿಂದ 2005ರವರೆಗೆ 2,02,638 ಮಹಿಳೆಯರನ್ನು ಸೇರಿಸಿಕೊಂಡು ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ, ವರ್ಷ ವರ್ಷವೂ ಸಿಎ-125ರ ಏರಿಳಿತ ಗಮನಿಸಿದ ಗುಂಪಿನಲ್ಲಿ ಮೊದಲ ಹಂತದ ಕ್ಯಾನ್ಸರ್‌ಗಳು ಹೆಚ್ಚಾಗಿಯೇ ಪತ್ತೆಯಾದವು. ಹಾಗಿದ್ದೂ 2021ರಲ್ಲಿ ಪ್ರಕಟವಾದ ಅಂತಿಮ ಲೆಕ್ಕದಲ್ಲಿ ಸಾವಿನ ಸಂಖ್ಯೆ ಇಳಿದಿರಲಿಲ್ಲ. ಮುಂಚಿತವಾಗಿ ಕಂಡುಹಿಡಿಯುವುದು ಬೇರೆ, ಪ್ರಾಣ ಉಳಿಸುವುದು ಬೇರೆ ಎಂಬ ಸತ್ಯವನ್ನು ವೈದ್ಯಲೋಕ ಅಷ್ಟು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು.

ಇದರ ಹಿಂದಿನ ಗಣಿತವನ್ನು ಯಾರೂ ಮಾಡಿ ನೋಡಬಹುದು. ಐವತ್ತು ದಾಟಿದ ಒಂದು ಲಕ್ಷ ಮಹಿಳೆಯರಲ್ಲಿ ಆ ಕ್ಷಣಕ್ಕೆ ಗುಪ್ತವಾಗಿ ಈ ರೋಗ ಇರುವವರು ನಲವತ್ತು ಮಂದಿ ಎಂದಿಟ್ಟುಕೊಳ್ಳೋಣ. ಒಂದು ಪರೀಕ್ಷೆ ಆ ನಲವತ್ತನ್ನೂ ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಬೊಟ್ಟುಮಾಡುತ್ತದೆ ಎಂದರೆ ಅದು ಅತ್ಯುತ್ತಮ ಪರೀಕ್ಷೆಯೇ. ಆದರೂ ಸುಮಾರು ಒಂದು ಸಾವಿರ ಮಂದಿ ಆರೋಗ್ಯವಂತರು ಕ್ಯಾನ್ಸರಿನ ಭೀತಿಯಲ್ಲಿ ನಿಲ್ಲುತ್ತಾರೆ. ಅಂಡಾಶಯದ ಗಂಟಿಗೆ ಸೂಜಿ ಚುಚ್ಚಿ ನೋಡುವುದು ಅಪಾಯ. ಸಂಶಯ ಪರಿಹಾರಕ್ಕೆ ಹೊಟ್ಟೆಯನ್ನೇ ತೆರೆಯಬೇಕಾಗುತ್ತದೆ. ನಲವತ್ತು ಮಂದಿಗಾಗಿ ಸಾವಿರ ಮಂದಿಯ ಹೊಟ್ಟೆ ತೆರೆಯುವುದೇ? ‘ಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜುಗಳಲ್ಲಿ ಸಿಎ-125 ಅನ್ನು ತುರುಕಿ ಮಾರುವವರು ಈ ಲೆಕ್ಕವನ್ನು ಗ್ರಾಹಕರಿಗೆ ಹೇಳುವುದಿಲ್ಲ.

ಹೊಸ ಪ್ರಯತ್ನಗಳು ನಿಂತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ 2018ರಲ್ಲಿ ಗರ್ಭಕಂಠದಿಂದ ಬ್ರಷ್ಷಿನಲ್ಲಿ ತೆಗೆದ ದ್ರವದಲ್ಲಿ ಕ್ಯಾನ್ಸರಿನ ಡಿಎನ್‌ಎ ತುಣುಕುಗಳನ್ನು ಹುಡುಕಿತು. ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 33 ಮಂದಿಯನ್ನಷ್ಟೇ ಅದು ಗುರುತಿಸಿತು. ರಕ್ತ ಪರೀಕ್ಷೆಯನ್ನೂ ಸೇರಿಸಿದಾಗ 63 ಆಯಿತು. ಹಾದಿ ಸರಿಯಾಗಿದೆ, ಗುರಿ ಇನ್ನೂ ದೂರವಿದೆ.

ವಂಶವಾಹಿ ಹೇಳುವುದೇನು?

ಹಾಗಾದರೆ ಮೂರು ದಶಕಗಳ ವಂಶವಾಹಿ ಸಂಶೋಧನೆ ವ್ಯರ್ಥವೇ? ಖಂಡಿತ ಅಲ್ಲ. ಸೂಚಕಗಳಲ್ಲಿ ಎರಡು ಬಗೆಯಿವೆ ಎಂಬುದನ್ನು ತಿಳಿದರೆ ಗೊಂದಲ ಕಳೆಯುತ್ತದೆ. ಒಂದು, ರೋಗ ಬಂದಿದೆ ಎಂದು ಸಾರುವ ಸೂಚಕ. ಇದರಲ್ಲಿ ನಾವಿನ್ನೂ ಗೆದ್ದಿಲ್ಲ. ಇನ್ನೊಂದು, ರೋಗ ಬರುವ ಸಂಭವ ಯಾರಿಗೆ ಹೆಚ್ಚು ಎಂದು ಹೇಳುವ ಸೂಚಕ. ಇದರಲ್ಲಿ ವಿಜ್ಞಾನ ಗೆದ್ದಿದೆ. ಪತ್ರಿಕೆಯ ತಲೆಬರಹಗಳು ಇವೆರಡನ್ನೂ ಒಂದೇ ಮಾಡಿಬಿಡುತ್ತವೆ.

1990ರಲ್ಲಿ ಅಮೆರಿಕದ ಮೇರಿ-ಕ್ಲೇರ್ ಕಿಂಗ್, ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ ಸ್ತನ ಕ್ಯಾನ್ಸರಿಗೆ 17ನೇ ವರ್ಣತಂತುವಿನ ಮೇಲಿನ ಒಂದು ವಂಶವಾಹಿ ಕಾರಣವೆಂದು ತೋರಿಸಿದರು. 1994ರಲ್ಲಿ ಆ ವಂಶವಾಹಿ ಕೈಗೆ ಸಿಕ್ಕಿತು, ಅದೇ ಬಿಆರ್‌ಸಿಎ-1. ಮರುವರ್ಷ ಬ್ರಿಟನ್ನಿನ ಮೈಕಲ್ ಸ್ಟ್ರಾಟನ್ ತಂಡ ಬಿಆರ್‌ಸಿಎ-2 ಅನ್ನು ಗುರುತಿಸಿತು. ಇವು ‘ಕ್ಯಾನ್ಸರ್ ವಂಶವಾಹಿ’ಗಳಲ್ಲ, ನಮ್ಮೆಲ್ಲರಲ್ಲೂ ಇದ್ದು ಡಿಎನ್‌ಎ ಮುರಿದಾಗ ದುರಸ್ತಿ ಮಾಡುವ ಕಾವಲುಗಾರರು. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಒಂದು ಪ್ರತಿ ಹುಟ್ಟಿನಿಂದಲೇ ದೋಷಯುಕ್ತವಾಗಿದ್ದರೆ, ಜೀವನದ ಯಾವುದೋ ಘಟ್ಟದಲ್ಲಿ ಇನ್ನೊಂದೂ ಕೆಟ್ಟಾಗ ಕಾವಲು ತಪ್ಪುತ್ತದೆ.

ಸಾಮಾನ್ಯ ಮಹಿಳೆಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ಒಂದರ ಆಸುಪಾಸು. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಂತೆ, ಬಿಆರ್‌ಸಿಎ-1 ದೋಷವುಳ್ಳವರಲ್ಲಿ 80 ವರ್ಷದೊಳಗೆ ಅದು ಬರುವ ಸಂಭವ ನೂರಕ್ಕೆ 44; ಬಿಆರ್‌ಸಿಎ-2 ದೋಷವುಳ್ಳವರಲ್ಲಿ ನೂರಕ್ಕೆ 17. ಸ್ತನ ಕ್ಯಾನ್ಸರಿನ ಸಂಭವವೂ ಬಹಳ ಹೆಚ್ಚು. ಇವಲ್ಲದೆ ಇದೇ ದಾರಿಯಲ್ಲಿ ನಡೆವ ಇನ್ನೂ ಕೆಲವು ವಂಶವಾಹಿಗಳಿವೆ. ದೊಡ್ಡಕರುಳಿನ ಕ್ಯಾನ್ಸರ್ ಹರಿದುಬರುವ ಕುಟುಂಬಗಳಲ್ಲಿ ಕಾಣುವ ‘ಲಿಂಚ್ ಸಿಂಡ್ರೋಮ್’ ಕೂಡ ಅಂಡಾಶಯಕ್ಕೆ ಅಪಾಯ ತರುತ್ತದೆ.

ಭಾರತದ ಮಾಹಿತಿಯೂ ಈಗ ಕೈಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರ್ ಸೋಮಸುಂದರಂ ಅವರ ತಂಡ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಜೊತೆಗೂಡಿ ಭಾರತೀಯ ಕುಟುಂಬಗಳಲ್ಲಿ ಬಿಆರ್‌ಸಿಎ-1 ದೋಷಗಳ ಕುರಿತು 2002ರಲ್ಲೇ ಪ್ರಬಂಧ ಪ್ರಕಟಿಸಿತ್ತು. ಅದೇ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರಾಂಡ್ ಕಂಪನಿಯ ವಿಜ್ಞಾನಿಗಳು ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದ 1,010 ಭಾರತೀಯ ರೋಗಿಗಳನ್ನು ಪರೀಕ್ಷಿಸಿ, ನೂರಕ್ಕೆ 30 ಮಂದಿಯಲ್ಲಿ ಆನುವಂಶಿಕ ದೋಷ ಕಂಡದ್ದನ್ನು 2018ರಲ್ಲಿ ವರದಿ ಮಾಡಿದರು. ಅಂಡಾಶಯದ ಕ್ಯಾನ್ಸರ್ ಪೀಡಿತರನ್ನಷ್ಟೇ ತೆಗೆದುಕೊಂಡರೆ, ಕುಟುಂಬದಲ್ಲಿ ಬೇರೆ ಯಾರಿಗೂ ರೋಗ ಇಲ್ಲದಿದ್ದರೂ, ಸರಿಸುಮಾರು ನಾಲ್ವರಲ್ಲಿ ಒಬ್ಬರಿಂದ ಐವರಲ್ಲಿ ಒಬ್ಬರವರೆಗೆ ಬಿಆರ್‌ಸಿಎ ದೋಷ ಸಿಗುತ್ತದೆಂದು ದೇಶದ ಅಧ್ಯಯನಗಳು ಹೇಳುತ್ತವೆ. ಯಹೂದಿ ಸಮುದಾಯದಲ್ಲಿ ಹೆಚ್ಚಾಗಿ ಕಾಣುವ ಬಿಆರ್‌ಸಿಎ-1ರ ಒಂದು ನಿರ್ದಿಷ್ಟ ದೋಷವೇ ದಕ್ಷಿಣ ಭಾರತದ ರೋಗಿಗಳಲ್ಲೂ ಮತ್ತೆ ಮತ್ತೆ ಸಿಕ್ಕಿರುವುದು ಕುತೂಹಲಕರ.

ಹೆಳವರ ಲೆಕ್ಕದಲ್ಲಿ ಹೆಣ್ಣುಮಕ್ಕಳು

ಇಷ್ಟೆಲ್ಲ ಇದ್ದೂ ಜನವಾಡದ ಮಹಿಳೆಗೆ ಇದರ ಪ್ರಯೋಜನ ತಲುಪಬೇಕಾದರೆ ಮೊದಲು ಬೇಕಾದದ್ದು ಪ್ರಯೋಗಾಲಯವಲ್ಲ, ಒಂದು ಪ್ರಶ್ನೆ: ‘ನಿಮ್ಮ ಕುಟುಂಬದಲ್ಲಿ ಯಾರಿಗೆ ಕ್ಯಾನ್ಸರ್ ಆಗಿತ್ತು?’ ಈ ಪ್ರಶ್ನೆಗೆ ಉತ್ತರ ಪಡೆಯುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಒಂದು ಸಂದರ್ಭದಲ್ಲಿ. ನಲವತ್ತೈದರ ಆಸುಪಾಸಿನ ತಾಯಿಯೊಬ್ಬಳಿಗೆ ಕಾಯಿಲೆ ಮೂರನೆಯ ಹಂತದಲ್ಲಿ ಪತ್ತೆಯಾಗಿತ್ತು. ‘ಮನೆಯಲ್ಲಿ ಯಾರಿಗಾದರೂ ಇತ್ತೇ?’ ಎಂದು ಕೇಳಿದೆ. ‘ನಮ್ಮ ಮನ್ಯಾಗ ಯಾರಿಗೂ ಇಲ್ರಿ’ ಎಂದು ಗಂಡ ಉತ್ತರಿಸಿದ. ಆಕೆಯೂ ತಲೆಯಾಡಿಸಿದಳು. ಎರಡು ದಿನ ಬಿಟ್ಟು ತವರಿನ ಬಗ್ಗೆ ಬಿಡಿಬಿಡಿಯಾಗಿ ಕೇಳಿದಾಗ ಒಂದೊಂದೇ ಸಂಗತಿ ಹೊರಬಂತು: ತಾಯಿ ತೀರಿಕೊಂಡಿದ್ದು ‘ಹೊಟ್ಟೆಯಲ್ಲಿ ನೀರು ತುಂಬಿ’; ಉದಗೀರಿಗೆ ಕೊಟ್ಟ ಅಕ್ಕನಿಗೆ ಎದೆಗಂಟಿನ ಆಪರೇಷನ್ ಆಗಿತ್ತು. ಆ ದಂಪತಿ ಸುಳ್ಳು ಹೇಳಿರಲಿಲ್ಲ. ಮದುವೆಯಾದ ಹೆಣ್ಣಿಗೆ ‘ಮನೆ’ ಎಂದರೆ ಗಂಡನ ಮನೆ. ಆಕೆಯ ರಕ್ತದ ಕಥೆಯೆಲ್ಲ ತವರಿನಲ್ಲೇ ಉಳಿದಿರುತ್ತದೆ.

ಆಕೆಯ ವಂಶವಾಹಿ ಪರೀಕ್ಷೆಗೆ ಆ ಕುಟುಂಬದ ಬಳಿ ಹಣವಿರಲಿಲ್ಲ. ಚಿಕಿತ್ಸೆಗೇ ಹೊಲ ಒತ್ತೆಯಿಟ್ಟಿದ್ದರು. ಒಂದೂವರೆ ವರ್ಷದಲ್ಲಿ ಆಕೆ ತೀರಿಕೊಂಡಳು. ಆಕೆಯಲ್ಲಿ ದೋಷವಿತ್ತೇ, ಇದ್ದರೆ ಯಾವುದು ಎಂಬ ಮಾಹಿತಿಯೂ ಆಕೆಯೊಡನೆ ಮಣ್ಣಾಯಿತು. ಹಿಂದೆ ಉಳಿದವಳು ಇಪ್ಪತ್ತರ ಆಸುಪಾಸಿನ ಮಗಳು. ರೋಗಿಯಲ್ಲಿ ದೋಷ ಯಾವುದೆಂದು ತಿಳಿದಿದ್ದರೆ ಮಗಳಲ್ಲಿ ಆ ಒಂದೇ ತಾಣವನ್ನು ಅಗ್ಗವಾಗಿ, ಖಚಿತವಾಗಿ ನೋಡಬಹುದಿತ್ತು. ಅದು ತಿಳಿಯದಿದ್ದಾಗ ಮಗಳ ಪರೀಕ್ಷೆಯಲ್ಲಿ ‘ದೋಷವಿಲ್ಲ’ ಎಂದು ಬಂದರೂ ಪೂರ್ತಿ ನೆಮ್ಮದಿಯಿಲ್ಲ. ಆದ್ದರಿಂದಲೇ ಪರೀಕ್ಷೆ ಮೊದಲು ನಡೆಯಬೇಕಾದದ್ದು ರೋಗಿಯಲ್ಲಿ, ಆಕೆ ಬದುಕಿರುವಾಗಲೇ.

ಉತ್ತರ ಕರ್ನಾಟಕದಲ್ಲಿ ಹೆಳವರು ಎಂಬ ಸಮುದಾಯವಿದೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆತನಗಳ ಹಲವು ತಲೆಮಾರುಗಳ ಹೆಸರನ್ನು ಹೇಳುತ್ತ ಬಂದವರು ಅವರು. ವೈದ್ಯಕೀಯ ವಂಶಶಾಸ್ತ್ರ ಕೇಳುವುದೂ ಹೆಚ್ಚುಕಡಿಮೆ ಅದನ್ನೇ, ಮೂರು ತಲೆಮಾರಿನ ವಂಶಾವಳಿಯನ್ನು. ವ್ಯತ್ಯಾಸವೆಂದರೆ ಹೆಳವರ ಪರಂಪರೆ ಮುಖ್ಯವಾಗಿ ಹಿಡಿದದ್ದು ಗಂಡುಸಂತತಿಯ ಎಳೆಯನ್ನು. ವೈದ್ಯರಿಗೆ ಬೇಕಾದದ್ದು ಹೊರಗೆ ಕೊಟ್ಟ ಹೆಣ್ಣುಮಕ್ಕಳ ಲೆಕ್ಕ: ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಯಾವ ವಯಸ್ಸಿನಲ್ಲಿ, ಯಾವುದರಿಂದ ಸತ್ತರು?

ಸೋದರತ್ತೆಯ ಹೆಸರನ್ನು ಬೇಕೆಂದೇ ಸೇರಿಸಿದ್ದೇನೆ. ಬಿಆರ್‌ಸಿಎ ದೋಷ ತಾಯಿಯಿಂದ ಮಾತ್ರ ಬರುತ್ತದೆಂಬುದು ವಿದ್ಯಾವಂತರಲ್ಲೂ ಇರುವ ತಪ್ಪು ಕಲ್ಪನೆ. ತಂದೆಯಿಂದಲೂ ಅಷ್ಟೇ ಸಮವಾಗಿ, ಪ್ರತಿ ಮಗುವಿಗೂ ಎರಡರಲ್ಲಿ ಒಂದರ ಸಂಭವದಂತೆ ಬರುತ್ತದೆ. ಬೀದರಿನ ಕರೇಜ್ ಕಾಲುವೆಯ ನೀರು ನೆಲದಡಿಯಲ್ಲಿ ಹರಿದು ದೂರದ ಬಾವಿಯಲ್ಲಿ ಕಾಣಿಸುವಂತೆ, ಗಂಡಸರಲ್ಲಿ ಸುಳಿವು ಕೊಡದೆ ಹರಿದು ಮೊಮ್ಮಗಳಲ್ಲಿ ಪ್ರಕಟವಾಗಬಹುದು. ಗಂಡಸರೂ ಪೂರ್ತಿ ಸುರಕ್ಷಿತರಲ್ಲ. ಬಿಆರ್‌ಸಿಎ-2 ದೋಷ ಅವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಂಭವ ಹೆಚ್ಚಿಸುತ್ತದೆ. ಇನ್ನೊಂದು ಕಲ್ಪನೆ, ಇದು ರಕ್ತಸಂಬಂಧದ ಮದುವೆಯ ಫಲವೆಂಬುದು. ಸೋದರಮಾವನನ್ನು ಮದುವೆಯಾಗುವುದರಿಂದ ಬೇರೆ ಬಗೆಯ ಆನುವಂಶಿಕ ಕಾಯಿಲೆಗಳ ಅಪಾಯ ಇದೆ, ನಿಜ. ಆದರೆ ಈ ಕ್ಯಾನ್ಸರಿಗೆ ಒಂದೇ ದೋಷಯುಕ್ತ ಪ್ರತಿ ಸಾಕು. ಮದುವೆ ಹೊರಗಾದರೂ ಅದು ತಪ್ಪದು.

ಗಡಿ ಜಿಲ್ಲೆಯ ಇನ್ನೊಂದು ತೊಡಕನ್ನು ಬೆಂಗಳೂರಿನಲ್ಲಿ ಕುಳಿತವರು ಊಹಿಸಲಾರರು. ನಮ್ಮಲ್ಲಿ ಹೆಣ್ಣು ಕೊಟ್ಟು ತರುವುದು ಮೂರು ರಾಜ್ಯಗಳ ನಡುವೆ. ಒಬ್ಬಳು ಮಗಳು ಔರಾದಿನಲ್ಲಿ, ಇನ್ನೊಬ್ಬಳು ಲಾತೂರಿನ ಕಡೆ, ಮತ್ತೊಬ್ಬಳು ನಾರಾಯಣಖೇಡದಲ್ಲಿ. ಆಸ್ಪತ್ರೆಯ ಕಾಗದಗಳು ಒಂದೆಡೆ ಕನ್ನಡದ ಊರಿನವು, ಒಂದೆಡೆ ಮರಾಠಿಯವು, ಒಂದೆಡೆ ತೆಲುಗಿನವು. ಸರ್ಕಾರಗಳ ಆರೋಗ್ಯ ಯೋಜನೆಗಳು ರಾಜ್ಯದ ಗಡಿಯಲ್ಲಿ ನಿಲ್ಲುತ್ತವೆ, ವಂಶವಾಹಿ ನಿಲ್ಲುವುದಿಲ್ಲ. ಒಬ್ಬ ಅಕ್ಕನಲ್ಲಿ ಕಂಡ ದೋಷದ ಸುದ್ದಿ ಉಳಿದ ಇಬ್ಬರು ತಂಗಿಯರನ್ನು ತಲುಪಿಸುವ ಹೊಣೆ ಇಂದು ಯಾರದೂ ಅಲ್ಲ.

ತಿಳಿದ ಮೇಲೆ ಮಾಡುವುದೇನು?

ದೋಷವಿದೆಯೆಂದು ತಿಳಿದರೆ ದಾರಿಗಳಿವೆ. ಮಕ್ಕಳಾದ ಮೇಲೆ, ಬಿಆರ್‌ಸಿಎ-1 ಇದ್ದವರು 35ರಿಂದ 40 ವರ್ಷದೊಳಗೆ, ಬಿಆರ್‌ಸಿಎ-2 ಇದ್ದವರು 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಂಡರೆ ಅಂಡಾಶಯದ ಕ್ಯಾನ್ಸರಿನ ಸಂಭವ ನೂರಕ್ಕೆ ಎಂಬತ್ತರಷ್ಟು ಇಳಿಯುತ್ತದೆ. ನಟಿ ಏಂಜಲೀನಾ ಜೋಲಿ 2013ರಲ್ಲಿ ತಮ್ಮ ಬಿಆರ್‌ಸಿಎ-1 ದೋಷವನ್ನು ಬಹಿರಂಗಪಡಿಸಿ, 2015ರಲ್ಲಿ ಅಂಡಾಶಯಗಳನ್ನು ತೆಗೆಸಿಕೊಂಡಾಗ ಜಗತ್ತಿಗೆ ಇದು ತಿಳಿಯಿತು. ಆಕೆಯ ತಾಯಿ 56ರ ವಯಸ್ಸಿನಲ್ಲಿ ಕ್ಯಾನ್ಸರಿಗೆ ಬಲಿಯಾಗಿದ್ದರು. ರೋಗ ಬಂದವರಿಗೂ ಈ ಮಾಹಿತಿ ಉಪಯುಕ್ತ: 2014ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಓಲಪರಿಬ್‌ನಂಥ ಗುಳಿಗೆಗಳು ಬಿಆರ್‌ಸಿಎ ದೋಷವಿರುವ ಕ್ಯಾನ್ಸರಿನ ಮೇಲೆ ವಿಶೇಷವಾಗಿ ಕೆಲಸ ಮಾಡುತ್ತವೆ.

ಆದರೆ ‘ಅಂಗ ತೆಗೆಯಿರಿ’ ಎಂಬ ಸಲಹೆಯನ್ನು ನಮ್ಮ ಭಾಗದಲ್ಲಿ ಎಚ್ಚರದಿಂದ ಆಡಬೇಕು. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಬಡ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆಯೆಂದು 2015ರಲ್ಲಿ ಆರೋಗ್ಯ ಹೋರಾಟಗಾರರು ಬಯಲಿಗೆಳೆದದ್ದು ಇನ್ನೂ ಮರೆತಿಲ್ಲ. ‘ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಹೆದರಿಕೆ ಹಣ ಮಾಡುವವರ ಕೈಯಲ್ಲಿ ಎಂಥ ಆಯುಧವಾಗುತ್ತದೆಂದು ನಾವು ಕಂಡಿದ್ದೇವೆ. ವಂಶವಾಹಿ ವರದಿಯ ಹೆಸರಿನಲ್ಲಿ ಅದು ಮರುಕಳಿಸಬಾರದು. ವರದಿಯಲ್ಲಿ ‘ಅರ್ಥ ಇನ್ನೂ ತಿಳಿಯದ ವ್ಯತ್ಯಾಸ’ ಎಂದು ಬರುವುದುಂಟು. ಅದರ ಆಧಾರದ ಮೇಲೆ ಯಾರ ಅಂಗವನ್ನೂ ತೆಗೆಯುವಂತಿಲ್ಲ. ಜಗತ್ತಿನ ದತ್ತಾಂಶ ಬಹುಪಾಲು ಯೂರೋಪ್ ಮೂಲದವರದ್ದಾದ್ದರಿಂದ ಭಾರತೀಯರಲ್ಲಿ ಇಂಥ ಗೊಂದಲ ಹೆಚ್ಚು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ 2020ರಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ ಯೋಜನೆ ಹತ್ತು ಸಾವಿರ ಭಾರತೀಯರ ವಂಶವಾಹಿ ಸಂಪುಟವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿರುವುದು ಈ ಕತ್ತಲೆಯನ್ನು ಕ್ರಮೇಣ ಕಡಿಮೆ ಮಾಡೀತು.

ಇನ್ನೊಂದು ಭಯ ಸಾಮಾಜಿಕವಾದದ್ದು. ‘ಆ ಮನೆತನದಲ್ಲಿ ಕ್ಯಾನ್ಸರ್ ಇದೆ’ ಎಂಬ ಮಾತು ಹಬ್ಬಿದರೆ ಹುಡುಗಿಯ ಮದುವೆ ನಿಲ್ಲುತ್ತದೆ. ಹಾಗಾಗಿ ಎಷ್ಟೋ ಕುಟುಂಬಗಳು ತಿಳಿಯದಿರುವುದನ್ನೇ ಆರಿಸಿಕೊಳ್ಳುತ್ತವೆ. ಗೋಪ್ಯತೆಯ ಭರವಸೆಯಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವುದು ಅನ್ಯಾಯ. ಆನುವಂಶಿಕ ಕಾಯಿಲೆಗಳನ್ನು ಆರೋಗ್ಯ ವಿಮೆಯಿಂದ ಸಾರಾಸಗಟಾಗಿ ಹೊರಗಿಡುವುದು ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದ್ದು ಸಮಾಧಾನಕರ. ಆದರೆ ವಂಶವಾಹಿ ಮಾಹಿತಿಯ ದುರುಪಯೋಗ ತಡೆಯಲೆಂದೇ ಒಂದು ಸ್ಪಷ್ಟ ಕಾನೂನು ಬೇಕು.

ಆಗಬೇಕಾದದ್ದು

ಜನವಾಡದ ಎಲ್ಲ ಮಹಿಳೆಯರಿಗೂ ವಂಶವಾಹಿ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಅದು ಅಸಾಧ್ಯ, ಅನಗತ್ಯ ಕೂಡ. ಕೈಗೆಟಕುವ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಮನೆಗೆ ಒಯ್ಯುವ ಆರೋಗ್ಯ ಪ್ರಶ್ನಾವಳಿಗೆ ಒಂದು ಸಾಲು ಸೇರಿಸುವುದು. ಕುಟುಂಬದಲ್ಲಿ ರಕ್ತದೊತ್ತಡ, ಮಧುಮೇಹ, ಹೃದ್ರೋಗ ಇವೆಯೇ ಎಂದು ಅದು ಕೇಳುತ್ತದೆ. ತವರು ಮತ್ತು ತಂದೆಯ ಕಡೆ ಸೇರಿ ಯಾವ ಹೆಣ್ಣುಮಗಳಿಗಾದರೂ ಎದೆಗಂಟು, ಹೊಟ್ಟೆಗಂಟು, ಹೊಟ್ಟೆಯಲ್ಲಿ ನೀರು ಆಗಿತ್ತೇ ಎಂದೂ ಕೇಳಲಿ. ಖರ್ಚಿಲ್ಲದ ಕೆಲಸವಿದು.

ಎರಡನೆಯದು, ಅಂಡಾಶಯದ ಕ್ಯಾನ್ಸರ್ ದೃಢಪಟ್ಟ ಪ್ರತಿಯೊಬ್ಬ ರೋಗಿಗೂ ಸರ್ಕಾರದ ಖರ್ಚಿನಲ್ಲಿ ಬಿಆರ್‌ಸಿಎ ಪರೀಕ್ಷೆ. ಬೆಂಗಳೂರು ಇಲ್ಲಿಂದ ಏಳುನೂರು ಕಿಲೊಮೀಟರ್ ದೂರ. ರಕ್ತದ ಮಾದರಿ ಅಲ್ಲಿಗೆ ಹೋಗಲಿ, ರೋಗಿ ಹೋಗಬೇಕಿಲ್ಲ. ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರ ಮತ್ತು ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದಕ್ಕೆ ಕೊಂಡಿಯಾಗಬಲ್ಲವು. ಕನ್ನಡ, ಮರಾಠಿ, ಉರ್ದು, ತೆಲುಗು ಬಲ್ಲ ಒಬ್ಬ ಆಪ್ತಸಮಾಲೋಚಕಿ ಇದ್ದರೆ ಗಡಿಯಾಚೆಯ ಅಕ್ಕತಂಗಿಯರಿಗೂ ಸುದ್ದಿ ತಲುಪೀತು. 371 (ಜೆ) ವಿಶೇಷ ಸ್ಥಾನಮಾನ ಪಡೆದ ಪ್ರದೇಶಕ್ಕೆ ಇದು ದೊಡ್ಡ ಬೇಡಿಕೆಯೇನಲ್ಲ.

ಮೂರನೆಯದು ಸ್ವಲ್ಪ ಧೈರ್ಯದ ಕೆಲಸ. ನಮ್ಮ ಹಳ್ಳಿಗಳಲ್ಲಿ ‘ಆಪರೇಷನ್ ಆಗಿದೆ’ ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಂದೇ ಅರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಅದು ಆಗಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವೈದ್ಯರು 2010ರಿಂದ, ಇಂಥ ಸಂದರ್ಭಗಳಲ್ಲಿ ಅಂಡನಾಳವನ್ನು ಕಟ್ಟುವ ಬದಲು ಪೂರ್ತಿ ತೆಗೆಯುತ್ತ ಬಂದರು; ಅಂಡಾಶಯವನ್ನು ಮುಟ್ಟುವುದಿಲ್ಲ. ಹಾಗೆ ಮಾಡಿಸಿಕೊಂಡ ಸುಮಾರು 26 ಸಾವಿರ ಮಹಿಳೆಯರಲ್ಲಿ ಐದು ಸೀರಸ್ ಕ್ಯಾನ್ಸರ್‌ಗಳನ್ನು ನಿರೀಕ್ಷಿಸಲಾಗಿತ್ತು. ಒಂದೂ ಕಾಣಿಸಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಸಂಖ್ಯೆ ಚಿಕ್ಕದು, ಸೂಚನೆ ದೊಡ್ಡದು. ಶಿಬಿರಗಳ ಗಡಿಬಿಡಿಯಲ್ಲಿ ಇದು ಸಲ್ಲದು. ಆದರೆ ಸುಸಜ್ಜಿತ ಆಸ್ಪತ್ರೆಗಳಲ್ಲಿ, ಮಹಿಳೆಗೆ ತಿಳಿಹೇಳಿ, ಆಕೆಯ ಒಪ್ಪಿಗೆಯೊಡನೆ ಮಾಡಲು ಸಾಧ್ಯವೇ ಎಂದು ನಮ್ಮ ತಜ್ಞರು ಗಂಭೀರವಾಗಿ ಪರಿಶೀಲಿಸಬೇಕು.

ನಾಲ್ಕನೆಯದು ಎಲ್ಲ ವೈದ್ಯರಿಗೂ, ಔಷಧಿ ಅಂಗಡಿಯವರಿಗೂ ಸಂಬಂಧಿಸಿದ್ದು. ನಲವತ್ತು ದಾಟಿದ ಮಹಿಳೆಗೆ ಹೊಸದಾಗಿ ಶುರುವಾದ ಹೊಟ್ಟೆ ಉಬ್ಬರ ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ಮತ್ತೊಂದು ಗ್ಯಾಸಿನ ಗುಳಿಗೆ ಕೊಡುವ ಮೊದಲು ಒಂದು ಅಲ್ಟ್ರಾಸೌಂಡ್ ಬರೆದುಕೊಡಲಿ.

ರಕ್ತದ ಹನಿಯೊಂದರಲ್ಲಿ ಎಲ್ಲವನ್ನೂ ಓದುವ ಪರೀಕ್ಷೆ ಒಂದು ದಿನ ಬಂದೀತು. ಬರಲಿ ಎಂದೇ ಹಾರೈಸೋಣ. ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ತೊಂಬತ್ತರ ದಶಕದಿಂದ ಸಿದ್ಧವಾಗಿ ಕುಳಿತ ಜ್ಞಾನ. ಅದನ್ನು ಬಳಸಲು ಪ್ರತಿ ಮನೆಯವರೂ ಈ ಯುಗಾದಿಗೋ ಪಂಚಮಿಗೋ ತವರಿಗೆ ಬಂದ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಅಜ್ಜಿ ಯಾವುದರಿಂದ ತೀರಿಕೊಂಡಳು, ಅತ್ತೆಗೆ ಏನಾಗಿತ್ತು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಲಿ. ಮುಂದೆ ಆಸ್ಪತ್ರೆಗೆ ಹೋಗುವ ದಿನ ಬಂದರೆ ಹಳೆಯ ಚೀಟಿಗಳ ಜೊತೆ ಆ ಹಾಳೆಯನ್ನೂ ಒಯ್ಯಲಿ.